ಹೆರಾಲ್ಡ್ ಸ್ಪೀಡೋಮೀಟರ್ ಮುಳ್ಳು 25ರಲ್ಲಿ ಅಂಟಿಕೊಳ್ಳುತ್ತಿದೆ: ಕೇಬಲ್ಲೋ, ಮೀಟರೋ?

ಹೆರಾಲ್ಡ್ 65 (ಬಸವನಗುಡಿ)

ಎಲ್ಲರಿಗೂ ನಮಸ್ಕಾರ. ಗಾಡಿ 1965ರ ಸ್ಟ್ಯಾಂಡರ್ಡ್ ಹೆರಾಲ್ಡ್, ಮದ್ರಾಸಿನಲ್ಲಿ ತಯಾರಾದದ್ದು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು, ಈಗ ನನ್ನ ಕೈಯಲ್ಲಿದೆ. ಮೀಟರ್ ಸ್ಮಿತ್ಸ್ ಕಂಪನಿಯದು, ಮೈಲಿ ಲೆಕ್ಕದ್ದು.

ತೊಂದರೆ ಹೀಗಿದೆ. ಗಾಡಿ ಹೊರಟಾಗ ಮುಳ್ಳು ಸರಿಯಾಗಿಯೇ ಏರುತ್ತದೆ. 22ರಿಂದ 28ರ ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಕೆ.ಆರ್. ರಸ್ತೆಯಿಂದ ಗಾಂಧಿ ಬಜಾರಿಗೆ ಬಂದು ಗಾಡಿ ನಿಲ್ಲಿಸಿದ ಮೇಲೂ ಮೀಟರ್ 25 ತೋರಿಸುತ್ತಿರುತ್ತದೆ. ಗಾಜಿನ ಮೇಲೆ ಬೆರಳಲ್ಲಿ ತಟ್ಟಿದರೆ ಸೊನ್ನೆಗೆ ಇಳಿಯುತ್ತದೆ. ಓಡಿದ ಮೈಲಿ ಎಣಿಸುವ ಓಡೋಮೀಟರ್ ಮಾತ್ರ ತಪ್ಪದೆ ಓಡುತ್ತಿದೆ.

ಒಂದು ಗ್ಯಾರೇಜಿನಲ್ಲಿ ತೋರಿಸಿದೆ. ಗೇರ್‌ಬಾಕ್ಸಿನಿಂದ ಮೀಟರ್ ಹಿಂಬದಿಗೆ ಬರುವ ಕೇಬಲ್ ಬಿಚ್ಚಿ, ಆ ತೂತಿನೊಳಗೆ ಸ್ಪ್ರೇ ಎಣ್ಣೆ ಹೊಡೆದರು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತ ಕೆಟ್ಟಿತು. ಈಗ ಬೆಳಗಿನ ಚಳಿಯಲ್ಲಿ ಹೊರಟರೆ 30ರ ವೇಗಕ್ಕೆ 40 ತೋರಿಸುತ್ತದೆ, ಮಧ್ಯಾಹ್ನ ಬಿಸಿಲಲ್ಲಿ ಅಷ್ಟು ಹೆಚ್ಚು ತೋರಿಸುವುದಿಲ್ಲ. ಅಂಟುವುದು ಮಾತ್ರ ಎರಡೂ ಹೊತ್ತಲ್ಲೂ ಇದೆ.

ಅಪ್ಪ ಓಡಿಸುವಾಗ ಹಿಂದಿನ ಸೀಟಿನಲ್ಲಿ ನಿಂತುಕೊಂಡು ಈ ಮುಳ್ಳನ್ನೇ ನೋಡುತ್ತಿದ್ದವನು ನಾನು. ಬೇರೆ ಮೀಟರ್ ಕೂರಿಸಿಕೊಳ್ಳಿ ಎನ್ನುವ ಸಲಹೆ ಬೇಡ, ಇದನ್ನೇ ಸರಿ ಮಾಡಬೇಕು. ಗೊತ್ತಿರುವವರು ದಾರಿ ತೋರಿಸಿ.

ಪದ್ಮಿನಿ ಸವಾರ (ರಾಜಾಜಿನಗರ)

ಕೇಬಲ್ ಬದಲಾಯಿಸಿ ಸಾರ್. ನನ್ನ ಪದ್ಮಿನಿಯಲ್ಲಿ ಮುಳ್ಳು ಕುಣಿಯುತ್ತಿತ್ತು, 30ರಿಂದ 50ಕ್ಕೆ, 50ರಿಂದ 30ಕ್ಕೆ. ಹೊಸ ಕೇಬಲ್ ಹಾಕಿದ ದಿನವೇ ನಿಂತಿತು. ಜೆ.ಸಿ. ರಸ್ತೆಯಲ್ಲಿ ಹಳೇ ಕೇಬಲ್ ತೋರಿಸಿದರೆ ಅಳತೆಗೆ ಮಾಡಿಕೊಡುವವರಿದ್ದಾರೆ.

ಮೈನರ್ ಮಲ್ಲೇಶ್ವರ

ಪದ್ಮಿನಿಯವರೇ, ನಿಮ್ಮ ಗಾಡಿಯ ಕಾಯಿಲೆಯೇ ಬೇರೆ, ಇವರದೇ ಬೇರೆ. ದಯವಿಟ್ಟು ಎರಡನ್ನೂ ಬೆರೆಸಬೇಡಿ. ಹೀಗೆ ಬೆರೆಸಿಯೇ ನಾನು ನನ್ನ ಮೋರಿಸ್ ಮೈನರ್‌ಗೆ ಮೂರು ಕೇಬಲ್ ಹಾಕಿದೆ, ಮೂರೂ ಅನಗತ್ಯವಾಗಿದ್ದವು.

ಕೇಬಲ್‌ನ ತೊಂದರೆ ಮುಳ್ಳಿನ ಕುಣಿತದಲ್ಲಿ ಕಾಣಿಸುತ್ತದೆ. ಒಳಗಿನ ತಂತಿ ಒಣಗಿದ್ದರೆ ಅಥವಾ ಎಲ್ಲಾದರೂ ಮಡಚಿಕೊಂಡಿದ್ದರೆ, ಅದು ಒಂದೇ ಸಮನೆ ತಿರುಗುವುದಿಲ್ಲ. ತಡೆದುಕೊಂಡು ಬಿಗಿಯಾಗುತ್ತದೆ, ಆಮೇಲೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಮುಳ್ಳು ಅದನ್ನೇ ತೋರಿಸುತ್ತದೆ. ತಂತಿ ತುಂಡಾದರೆ ಮುಳ್ಳೂ ಓಡೋಮೀಟರೂ ಒಟ್ಟಿಗೆ ನಿಲ್ಲುತ್ತವೆ.

ಹೆರಾಲ್ಡ್ ಅವರ ಓಡೋಮೀಟರ್ ಓಡುತ್ತಿದೆ, ಮುಳ್ಳು ಕುಣಿಯುತ್ತಿಲ್ಲ, ಅಂಟುತ್ತಿದೆ. ಅಂದರೆ ಗೇರ್‌ಬಾಕ್ಸಿನಿಂದ ಮೀಟರಿನ ಬಾಗಿಲವರೆಗೂ ಎಲ್ಲವೂ ನೆಟ್ಟಗಿದೆ, ದೋಷ ಇರುವುದು ಮೀಟರಿನ ಒಳಗೆ. ಆದರೂ ಒಮ್ಮೆ ಕೇಬಲ್ ಬಿಚ್ಚಿ ಒಳತಂತಿಯನ್ನು ಹೊರಗೆಳೆದು ನೋಡಿ. ಮೇಜಿನ ಮೇಲೆ ಇಟ್ಟು ಒಂದು ತುದಿ ತಿರುಗಿಸಿದರೆ ಇನ್ನೊಂದು ತುದಿ ಅದರ ಜೊತೆಗೇ ತಿರುಗಬೇಕು. ನೆಗೆದು ತಿರುಗಿದರೆ ಎಲ್ಲೋ ಮಡಿಕೆ ಇದೆ ಎಂದೇ ಅರ್ಥ. ವಾಪಸ್ ಕೂರಿಸುವಾಗ ಆರು ಇಂಚಿಗಿಂತ ಚಿಕ್ಕ ತ್ರಿಜ್ಯದ ಬಾಗು ಎಲ್ಲೂ ಬರಬಾರದು.

ಆ ತಂತಿಯ ಮೀಟರ್ ತುದಿಯಲ್ಲಿ ಎಣ್ಣೆ ಇದೆಯಾ ಅಂತಲೂ ನೋಡಿ ಹೇಳಿ.

ಗ್ಯಾರೇಜ್ ಹುಡುಗ (ವಿಲ್ಸನ್ ಗಾರ್ಡನ್)

ಅಣ್ಣ, ಎಣ್ಣೆ ಹೊಡೆದವರನ್ನ ಪೂರ್ತಿ ಬೈಯೋಕಾಗಲ್ಲ. ಬೆಳಿಗ್ಗೆ ಹೊತ್ತು ಮೀಟರಿಂದ ಜೀರುಂಡೆ ಥರ ಕೀಚ್ ಅಂತ ಸದ್ದು ಬರುತ್ತಲ್ಲ, ಅದಕ್ಕೆ ಎಣ್ಣೆನೇ ಔಷಧಿ. ಕೇಬಲ್ ಬಂದು ಸೇರೋ ಶಾಫ್ಟ್ ಒಂದು ಬುಷ್ (ಸಣ್ಣ ಲೋಹದ ಕೊಳವೆ) ಒಳಗೆ ತಿರುಗುತ್ತೆ, ಅದು ಒಣಗಿದ್ರೆ ಕಿರುಚುತ್ತೆ. ಅಲ್ಲಿಗೆ ಹೊಲಿಗೆ ಮಿಷಿನ್ ಎಣ್ಣೆ ಒಂದೇ ಒಂದು ತೊಟ್ಟು. ಹಳೇ ಸ್ಮಿತ್ಸ್ ಮೀಟರ್‌ಗಳಲ್ಲಿ ಅದಕ್ಕೇ ಅಂತ ಹಿಂದುಗಡೆ ಸಣ್ಣ ತೂತು, ಒಳಗೆ ಬತ್ತಿ ಇರೋದನ್ನ ನೋಡಿದೀನಿ. ಸ್ಪ್ರೇ ಹೊಡೆದ್ರೆ ತೊಟ್ಟು ಎಲ್ಲಿ ನಿಲ್ಲುತ್ತೆ? ಮೀಟರ್ ತುಂಬಾ ಹರಡುತ್ತೆ. ತಪ್ಪಾಗಿರೋದು ಅಲ್ಲೇ.

ಜಾಲಹಳ್ಳಿ ವಾಚ್

ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಬಹಳ ವರ್ಷ ದುಡಿದು ನಿವೃತ್ತನಾದವನು ನಾನು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಕಾರಿನ ಬಗ್ಗೆ ಹೆಚ್ಚು ತಿಳಿಯದು, ಆದರೆ ನೀವು ಬರೆದದ್ದನ್ನು ಓದುತ್ತಿದ್ದರೆ ನಮ್ಮ ಬೆಂಚಿಗೆ ಬರುತ್ತಿದ್ದ ಎಣ್ಣೆ ಕುಡಿದ ವಾಚುಗಳೇ ಕಣ್ಣ ಮುಂದೆ ಬಂದವು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ನಿಮ್ಮ ಮೀಟರಿನಲ್ಲಿ ಕೇಬಲ್ಲಿಗೂ ಮುಳ್ಳಿಗೂ ನಡುವೆ ಯಾವ ಕೊಂಡಿಯೂ ಇಲ್ಲ. ಇದು ತಿಳಿದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಕೇಬಲ್ ತಿರುಗಿಸುವುದು ಒಂದು ಅಯಸ್ಕಾಂತವನ್ನು. ಅದರ ಮೇಲೆ, ಮುಟ್ಟದ ಹಾಗೆ, ಒಂದು ಅಲ್ಯೂಮಿನಿಯಂ ಬಟ್ಟಲು ಕವುಚಿಕೊಂಡಿರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಆದರೆ ಅಯಸ್ಕಾಂತ ತಿರುಗಿದಾಗ ಬಟ್ಟಲಿನ ಲೋಹದಲ್ಲಿ ವಿದ್ಯುತ್ತಿನ ಸುಳಿಗಳು ಹುಟ್ಟುತ್ತವೆ, ಆ ಸುಳಿಗಳು ಬಟ್ಟಲನ್ನು ಅಯಸ್ಕಾಂತದ ಜೊತೆ ಎಳೆದುಕೊಂಡು ಹೋಗಲು ನೋಡುತ್ತವೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು. ಹಿಂದಕ್ಕೆಳೆದು ಹಿಡಿಯಲು ಕೂದಲೆಳೆಯಂಥ ಒಂದು ಸುರುಳಿ ಸ್ಪ್ರಿಂಗ್, ಅಂದರೆ ಹೇರ್‌ಸ್ಪ್ರಿಂಗ್. ಇವೆರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಓಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಓಡೋಮೀಟರ್ ಹಾಗಲ್ಲ, ಅದು ಹಲ್ಲಿನ ಚಕ್ರಗಳಿಂದ ನೇರವಾಗಿ ತಿರುಗುತ್ತದೆ. ಹಾಗಾಗಿಯೇ ನಿಮ್ಮದು ಓಡುತ್ತಿದೆ.

ಈಗ ಆ ಬಟ್ಟಲಿಗೂ ಅಯಸ್ಕಾಂತಕ್ಕೂ ನಡುವಿನ ಸಣ್ಣ ಸಂದಿಗೆ ಎಣ್ಣೆ ಹೋಯಿತು ಅನ್ನಿ. ಗಾಳಿ ಇರಬೇಕಾದಲ್ಲಿ ಜಿಗುಟು ಬಂತು. ಅಯಸ್ಕಾಂತ ಎಣ್ಣೆಯನ್ನು ಎಳೆಯುತ್ತದೆ, ಎಣ್ಣೆ ಬಟ್ಟಲನ್ನು ಎಳೆಯುತ್ತದೆ. ಮುಳ್ಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಚಳಿಯಲ್ಲಿ ಎಣ್ಣೆ ಗಟ್ಟಿ, ಅದಕ್ಕೇ ಬೆಳಿಗ್ಗೆ 40. ಬಿಸಿಲಿಗೆ ತೆಳುವಾಗುತ್ತದೆ, ಆಗ ಕಡಿಮೆ. ನೀವು ಕೊಟ್ಟ ಲಕ್ಷಣಗಳಲ್ಲಿ ಇದೊಂದೇ ಸಾಕು, ಒಳಗೆ ಎಣ್ಣೆ ಇದೆ ಎಂದು ಹೇಳಲು.

ಹೇರ್‌ಸ್ಪ್ರಿಂಗಿಗೆ ಎಣ್ಣೆ ತಗುಲಿದ್ದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ವಾಚಿನಲ್ಲಿ ಹೀಗಾದರೆ ಸ್ಪ್ರಿಂಗ್ ಗಿಡ್ಡವಾದಂತಾಗಿ ಗಡಿಯಾರ ವಿಪರೀತ ಮುಂದೆ ಓಡುತ್ತದೆ. ನಿಮ್ಮ ಮೀಟರಿನಲ್ಲಿ ಮುಳ್ಳು ಸಲೀಸಾಗಿ ಚಲಿಸುವುದಿಲ್ಲ.

ಒಂದು ವಿಷಯ ಮಾತ್ರ ನನಗೆ ಹೊಂದುತ್ತಿಲ್ಲ. ಎಣ್ಣೆಯ ಜಿಗುಟಾದರೆ ಎಲ್ಲಿ ಬೇಕಾದರೂ ಅಂಟಬೇಕು. ನಿಮ್ಮದು ಯಾವಾಗಲೂ 25ರ ಆಸುಪಾಸಿನಲ್ಲೇ ಅಂಟುತ್ತದೆ, ಅದೂ ಎಣ್ಣೆ ಹೊಡೆಯುವ ಮೊದಲೇ ಇತ್ತು ಎನ್ನುತ್ತೀರಿ. ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುವ ಮುಳ್ಳು ಆ ಜಾಗದಲ್ಲಿ ಏನನ್ನೋ ಮುಟ್ಟುತ್ತಿದೆ. ಬಿಚ್ಚಿದಾಗ ಒಂದು ತೆಳು ಕಾಗದದ ಪಟ್ಟಿಯನ್ನು ಮುಳ್ಳಿನ ಕೆಳಗೆ ಸೊನ್ನೆಯಿಂದ ಕೊನೆಯವರೆಗೂ ಜಾರಿಸಿ ನೋಡಿ. ಎಲ್ಲಿ ತಡೆಯುತ್ತದೋ ಹೇಳಿ.

ಹೆರಾಲ್ಡ್ 65 (ಬಸವನಗುಡಿ)

ಹಿರಿಯರೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಹೇಗೆ ಧನ್ಯವಾದ ಹೇಳಲಿ. ಎರಡು ಸಲ ಓದಿದೆ, ಮನೆಯವಳಿಗೂ ಓದಿ ಹೇಳಿದೆ.

ಇವತ್ತು ಕೇಬಲ್ ಹೊರಗೆ ತೆಗೆದೆ. ಮೈನರ್ ಅವರು ಕೇಳಿದ್ದು ನಿಜವಾಯಿತು. ಮೀಟರ್ ತುದಿ ಒದ್ದೆ. ಆದರೆ ಅದು ಸ್ಪ್ರೇ ಎಣ್ಣೆಯಲ್ಲ, ದಪ್ಪಗೆ ಕಪ್ಪಗಿದೆ, ಗೇರ್ ಎಣ್ಣೆಯ ವಾಸನೆ. ಇಷ್ಟು ಮೇಲಕ್ಕೆ ಅದು ಹೇಗೆ ಬಂತು?

ಗ್ಯಾರೇಜ್ ಹುಡುಗ (ವಿಲ್ಸನ್ ಗಾರ್ಡನ್)

ತಂತಿನೇ ಹತ್ತಿಸಿಕೊಂಡು ಬಂದಿದೆ ಅಣ್ಣ. ಒಳತಂತಿ ಸುರುಳಿ ಸುತ್ತಿ ಮಾಡಿರೋದಲ್ವಾ, ಕೊಳವೆಯೊಳಗೆ ತಿರುಗ್ತಾ ಇದ್ರೆ ಸ್ಕ್ರೂ ಪಂಪ್ ಥರ ಎಣ್ಣೆ ಮೇಲೇರುತ್ತೆ. ಗೇರ್‌ಬಾಕ್ಸ್ ಹತ್ರ ಕೇಬಲ್ ತಿರುಗಿಸೋ ಸಣ್ಣ ಹಲ್ಲಿನ ಚಕ್ರ (ಮೀಟರ್ ಪಿನಿಯನ್) ಕೂರೋ ಕಡೆ ಎಣ್ಣೆ ತಡೆಯೋ ಸೀಲ್ ಸವೆದಿದೆ. ಅದನ್ನ ಹಾಕದೆ ಮೀಟರ್ ಎಷ್ಟು ಕ್ಲೀನ್ ಮಾಡಿದ್ರೂ ಆರು ತಿಂಗಳಲ್ಲಿ ವಾಪಸ್ ಇದೇ ಕಥೆ.

ಹೆರಾಲ್ಡ್‌ನಲ್ಲಿ ಒಂದು ಪುಣ್ಯ ಅಂದ್ರೆ ಗೇರ್‌ಬಾಕ್ಸ್ ಮೇಲಿನ ಮುಚ್ಚಳ ಗಾಡಿ ಒಳಗಿಂದಲೇ ಬಿಚ್ಚಬಹುದು. ಗಾಡಿ ಕೆಳಗೆ ಮಲಗೋದು ತಪ್ಪುತ್ತೆ. ಸೀಲ್ ಹಾಕಿಸಿ, ಒಳತಂತಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಗ್ರೀಸ್ ತೆಳ್ಳಗೆ ಸವರಿ. ತಂತಿ ಪೂರ್ತಿ ಒಳಗೆ ಬಿಟ್ಟು, ಆಮೇಲೆ ಮೀಟರ್ ಕಡೆಯಿಂದ ಎಂಟು ಇಂಚು ಹೊರಗೆ ಎಳೆದು ಆ ಭಾಗ ಬಟ್ಟೆಯಲ್ಲಿ ಒರೆಸಿ ವಾಪಸ್ ಬಿಡಿ. ಮೀಟರ್ ಹತ್ತಿರದ ಎಂಟು ಇಂಚಿನಲ್ಲಿ ಗ್ರೀಸ್ ಇರಬಾರದು.

ಅಂಬಿ ಮಾರ್ಕ್ 2

ಇಷ್ಟೆಲ್ಲ ಯಾಕೆ, ಹಳೇ ಡಯಲ್ ಹಾಗೇ ಇಟ್ಟು ಒಳಗೆ ಜಿಪಿಎಸ್‌ನಿಂದ ಓಡುವ ಮೋಟಾರ್ ಕೂರಿಸಬಹುದಲ್ಲ? ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನನ್ನ ಅಂಬಾಸಡರ್‌ಗೆ ಅದನ್ನೇ ಯೋಚಿಸುತ್ತಿದ್ದೇನೆ.

ಮೈನರ್ ಮಲ್ಲೇಶ್ವರ

ಮಾಡಬಹುದು. ಡಯಲ್ ಬಿಟ್ಟು ಉಳಿದದ್ದೆಲ್ಲ ಕರಗಿ ಹೋಗಿದ್ದರೆ ಅದೇ ದಾರಿ. ಆದರೆ ಇವರ ಮೀಟರಿನಲ್ಲಿ ಮುರಿದದ್ದು ಏನೂ ಇಲ್ಲ, ಕೊಳೆ ಆಗಿದೆ ಅಷ್ಟೆ. ಕೊಳೆಯಾಯಿತೆಂದು ಒಳಗಿರುವುದನ್ನೆಲ್ಲ ಕಿತ್ತು ಬಿಸಾಕುವುದು ನನಗೆ ಸರಿ ಕಾಣುವುದಿಲ್ಲ. ಆ ಯಂತ್ರಕ್ಕೆ ಬ್ಯಾಟರಿಯೂ ಬೇಡ, ಸಿಗ್ನಲ್ಲೂ ಬೇಡ. ಕೆ.ಆರ್. ಮಾರುಕಟ್ಟೆ ಫ್ಲೈಓವರ್ ಕೆಳಗೆ ಹೋದರೂ ವೇಗ ಹೇಳುತ್ತದೆ.

ಜಾಲಹಳ್ಳಿ ವಾಚ್

ಬಿಚ್ಚುವ ಮೊದಲು ಮೂರು ಮಾತು.

ಕ್ರೋಮ್ ರಿಂಗನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ. ಈ ಕಾಲದ ಮೀಟರುಗಳಲ್ಲಿ ರಿಂಗಿನ ಒಳಗೆ ಚಿಕ್ಕ ನಾಲಿಗೆಗಳಿರುತ್ತವೆ. ತಿರುಗಿಸಿ ಅವನ್ನು ಡಬ್ಬಿಯ ಕಚ್ಚುಗಳ ನೇರಕ್ಕೆ ತಂದರೆ ಮೇಲಕ್ಕೆ ಬರುತ್ತದೆ. ರಬ್ಬರ್ ಒಣಗಿ ಬಿಗಿದಿದ್ದರೆ ಅವಸರ ಮಾಡದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ.

ಮುಳ್ಳನ್ನು ಕೀಳುವ ಮೊದಲು ಅದನ್ನು ಮೆಲ್ಲಗೆ ಎತ್ತಿ, ಸೊನ್ನೆಯ ಬಳಿ ಇರುವ ತಡೆಕಡ್ಡಿಯನ್ನು ದಾಟಿಸಿ ಬಿಡಿ. ಅದು ಸೊನ್ನೆಗಿಂತ ಕೆಳಗೆ ಎಲ್ಲೋ ಹೋಗಿ ತಾನಾಗಿ ನಿಲ್ಲುತ್ತದೆ. ಅದೇ ಸ್ಪ್ರಿಂಗಿನ ನಿಜವಾದ ವಿಶ್ರಾಂತಿಯ ಜಾಗ. ಅಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟು, ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಈ ಚುಕ್ಕಿ ತಪ್ಪಿದರೆ ಮೀಟರ್ ಎಷ್ಟು ಶುದ್ಧವಾದರೂ ಸುಳ್ಳು ಹೇಳುತ್ತದೆ. ಮನೆಯಲ್ಲಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಹೇರ್‌ಸ್ಪ್ರಿಂಗನ್ನು ಬೆರಳಲ್ಲಿ ಮುಟ್ಟಲೇಬಾರದು. ತೊಳೆಯುವುದಿದ್ದರೆ ಬಟ್ಟಲೂ ಸ್ಪ್ರಿಂಗೂ ಇರುವ ಜೋಡಣೆಯನ್ನು ಇಡಿಯಾಗಿ ವೈಟ್ ಪೆಟ್ರೋಲಿನಲ್ಲಿ ಅದ್ದಿ, ಅಲ್ಲಾಡಿಸಿ, ತೆಗೆದು ಒಣಗಲು ಬಿಡಿ. ಡಯಲ್ಲನ್ನೂ ಅಂಕಿಯ ಚಕ್ರಗಳನ್ನೂ ಅದಕ್ಕೆ ತಾಗಿಸಬೇಡಿ, ಬಣ್ಣ ಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ, ಒಲೆ ಇರದಿರಲಿ. ಧೈರ್ಯ ಸಾಲದಿದ್ದರೆ ಆ ಜೋಡಣೆಯೊಂದನ್ನು ಪರಿಚಯದ ವಾಚ್ ರಿಪೇರಿಯವರ ಬಳಿ ಒಯ್ಯಿರಿ. ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಹಳೇ ಕೈಗಳು ಇನ್ನೂ ಇವೆ. ಕಾರಿನ ಮೀಟರ್ ಎಂದು ಹಿಂದೆಗೆದರೆ, ಇದರೊಳಗೂ ಹೇರ್‌ಸ್ಪ್ರಿಂಗೇ ಇದೆ ಎಂದು ತೋರಿಸಿ.

ಗ್ಯಾರೇಜ್ ಹುಡುಗ (ವಿಲ್ಸನ್ ಗಾರ್ಡನ್)

ತಾತ, ಬಟ್ಟಲಿನ ಕಡ್ಡಿ ಕೂರೋ ಕಡೆ ಎಣ್ಣೆ ಹಾಕಬೇಕಾ, ಬೇಡ್ವಾ? ನಮ್ಮ ಮೇಸ್ತ್ರಿ ಹಾಕಬೇಕು ಅಂತಾರೆ.

ಜಾಲಹಳ್ಳಿ ವಾಚ್

ನಿಮ್ಮ ಮೇಸ್ತ್ರಿ ಹೇಳುವುದರಲ್ಲಿ ಅರ್ಥವಿಲ್ಲದಿಲ್ಲ, ಮಗು. ವಾಚಿನ ಎಣ್ಣೆಯನ್ನು ಸೂಜಿ ತುದಿಯಲ್ಲಿ ತಾಗಿಸಿದಷ್ಟು ಹಾಕುವವರಿದ್ದಾರೆ. ಆದರೆ ವಾಚಿನ ಚಕ್ರದಂತೆ ಈ ಬಟ್ಟಲು ದಿನವಿಡೀ ಸುತ್ತುವುದಿಲ್ಲ, ಒಂದು ಸುತ್ತಿಗಿಂತ ಕಡಿಮೆ ಹೋಗಿ ಬರುತ್ತದೆ. ಸವೆತ ಕಡಿಮೆ, ಧೂಳು ಹೆಚ್ಚು. ಹಾಗಿರುವಾಗ ನಾನಾದರೆ ಒಣಗಿಯೇ ಬಿಡುತ್ತೇನೆ. ಹಾಕಲೇಬೇಕೆಂದರೆ ಕಣ್ಣಿಗೆ ಕಂಡಷ್ಟು ಎಣ್ಣೆಯೂ ಹೆಚ್ಚೇ.

ಹೆರಾಲ್ಡ್ 65 (ಬಸವನಗುಡಿ)

ಶನಿವಾರ ಊಟದ ಮೇಜು ಖಾಲಿ ಮಾಡಿಸಿ, ಬಿಳಿ ಪಂಚೆ ಹಾಸಿಕೊಂಡು ಕೂತೆ. ಏನಾದರೂ ಬಿದ್ದರೆ ಕಾಣಲಿ ಎಂದು.

ರಿಂಗ್ ಅರ್ಧ ಗಂಟೆ ಸತಾಯಿಸಿತು, ಕೊನೆಗೆ ತಿರುಗಿತು. ಕಾಗದದ ಪಟ್ಟಿ ಮುಳ್ಳಿನ ಕೆಳಗೆ ಸೊನ್ನೆಯಿಂದ ಸಲೀಸಾಗಿ ಜಾರಿ, 22 ದಾಟುತ್ತಿದ್ದಂತೆ ತಡೆಯಿತು. 28 ದಾಟಿದ ಮೇಲೆ ಮತ್ತೆ ಸಲೀಸು. ಓರೆಯಾಗಿ ನೋಡಿದಾಗ ಕಂಡಿತು: ಡಯಲ್ಲನ್ನು ಹಿಡಿದಿರುವ ಎರಡು ತಿರುಪುಗಳಲ್ಲಿ ಒಂದು ಸಡಿಲವಾಗಿ ತಗಡು ಆ ಭಾಗದಲ್ಲಿ ಎದ್ದಿದೆ, ಮುಳ್ಳು ಅದಕ್ಕೆ ಸವರುತ್ತಿದೆ. ಆ ಜಾಗದಲ್ಲಿ ಕಪ್ಪು ಬಣ್ಣದ ಮೇಲೆ ಕೂದಲೆಳೆಯಷ್ಟು ತೆಳು ಗೀರೂ ಇದೆ. ಜಾಲಹಳ್ಳಿಯವರು ನೋಡದೆಯೇ ಹೇಳಿಬಿಟ್ಟಿದ್ದರು.

ಅಂದರೆ ಮೊದಲಿನಿಂದ ಇದ್ದ ಕಾಯಿಲೆ ಒಂದು ತಿರುಪು. ಅದಕ್ಕೆ ಎಣ್ಣೆ ಹೊಡೆಸಿ ಎರಡನೇ ಕಾಯಿಲೆ ತಂದುಕೊಂಡೆ. ಕೆಳಗಿನಿಂದ ಗೇರ್ ಎಣ್ಣೆ ಮೂರನೆಯದಾಗಿ ಏರಿ ಬರುತ್ತಿತ್ತು.

ಚುಕ್ಕಿ ಇಟ್ಟೆ. ಮುಳ್ಳು ತಡೆಕಡ್ಡಿ ದಾಟಿ ಸೊನ್ನೆಗಿಂತ ಒಂದು ಬೆರಳಿನಷ್ಟು ಕೆಳಗೆ ನಿಂತಿತು. ಡಯಲ್ ಮೇಲೆ ಕಾಗದ ಇಟ್ಟು, ಎರಡು ಟೀ ಚಮಚಗಳಿಂದ ಎರಡೂ ಬದಿ ಸಮನಾಗಿ ಎತ್ತಿ ಮುಳ್ಳನ್ನು ತೆಗೆದೆ. ಬಟ್ಟಲಿನೊಳಗೆ ಕಾಡಿಗೆಯಂಥ ಎಣ್ಣೆ. ಅಯಸ್ಕಾಂತದ ಅಂಚಿನಲ್ಲಿ ಕಬ್ಬಿಣದ ಪುಡಿ ಗಡ್ಡದ ಹಾಗೆ ನಿಂತಿತ್ತು. ಬಟ್ಟೆಯಲ್ಲಿ ಒರೆಸಿದರೆ ಅದು ಅತ್ತಿತ್ತ ಸರಿಯುತ್ತದೆ ಹೊರತು ಬಿಡುವುದಿಲ್ಲ. ಸೆಲ್ಲೋಟೇಪ್ ಒತ್ತಿ ಒತ್ತಿ ಕಿತ್ತೆ, ಎಂಟು ತುಂಡು ಬೇಕಾಯಿತು.

ವೈಟ್ ಪೆಟ್ರೋಲಿನಲ್ಲಿ ಎರಡು ಸಲ ಅದ್ದಿದೆ. ಮೊದಲ ಸಲ ಪೆಟ್ರೋಲ್ ಟೀ ಬಣ್ಣಕ್ಕೆ ತಿರುಗಿತು, ಎರಡನೇ ಸಲ ತಿಳಿಯಾಗಿಯೇ ಉಳಿಯಿತು. ಒಣಗಿದ ಮೇಲೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಬಿಡಿಬಿಡಿಯಾಗಿ, ಸಮದೂರದಲ್ಲಿ ಕಂಡವು. ಉಸಿರು ಬಿಟ್ಟರೆ ಬಟ್ಟಲು ತೂಗುತ್ತಿತ್ತು! ಎಣ್ಣೆ ಹಾಕಲಿಲ್ಲ. ತಿರುಪು ಬಿಗಿ ಮಾಡಿದೆ, ಮುಳ್ಳನ್ನು ಚುಕ್ಕಿಯ ನೇರಕ್ಕೇ ಕೂರಿಸಿ ತಡೆಕಡ್ಡಿಯ ಮೇಲೆ ತಂದೆ.

ಗೇರ್‌ಬಾಕ್ಸಿನ ಸೀಲ್ ಮುಂದಿನ ವಾರ. ಅಲ್ಲಿಯವರೆಗೆ ಕೇಬಲ್ ಜೋಡಿಸುವುದಿಲ್ಲ. ಈಗ ಕೇಳಬೇಕಾದ್ದು: ಇದು ಸರಿಯಾದ ವೇಗ ತೋರಿಸುತ್ತದೆಯೇ ಎಂದು ಗಾಡಿಗೆ ಹಾಕುವ ಮೊದಲು ತಿಳಿಯುವುದು ಹೇಗೆ?

ಮೈನರ್ ಮಲ್ಲೇಶ್ವರ

ಡ್ರಿಲ್ ಮಿಷಿನ್ನಿನಿಂದ. ಕೇಬಲ್ ಸೇರುವ ಶಾಫ್ಟನ್ನು ಅದರಿಂದ ತಿರುಗಿಸಬೇಕು. ಮೊದಲು ಕೈಯಲ್ಲಿ ತಿರುಗಿಸಿ, ಯಾವ ಕಡೆ ತಿರುಗಿಸಿದರೆ ಮುಳ್ಳು ಮೇಲೇರಲು ನೋಡುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಡ್ರಿಲ್ಲನ್ನೂ ಅದೇ ದಿಕ್ಕಿಗೆ ಇಡಿ, ಉಲ್ಟಾ ಓಡಿಸಬೇಡಿ.

ನಿಮ್ಮ ಡಯಲಿನ ಮೇಲೆ ಸಣ್ಣಗೆ ನಾಲ್ಕಂಕಿಯ ಒಂದು ಸಂಖ್ಯೆ ಇರುತ್ತದೆ. ಕೇಬಲ್ ಎಷ್ಟು ಸುತ್ತು ತಿರುಗಿದರೆ ಒಂದು ಮೈಲಿ ಎಂಬ ಲೆಕ್ಕ ಅದು. ಅಲ್ಲಿ 1280 ಎಂದಿದ್ದರೆ, ನಿಮಿಷಕ್ಕೆ 640 ಸುತ್ತು ತಿರುಗಿಸಿದಾಗ ಮುಳ್ಳು 30ರಲ್ಲಿ ನಿಲ್ಲಬೇಕು. ಆದರೆ ನಿಮ್ಮ ಡ್ರಿಲ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ಅಳೆಯುವುದು ಯಾರು? ಅದಕ್ಕೆ ನಾನು ಕಂಡುಕೊಂಡ ದಾರಿ ಬೇರೆ. ಓಡೋಮೀಟರ್ ಹಲ್ಲಿನ ಚಕ್ರದ್ದು, ಅದು ಸುತ್ತು ತಪ್ಪಿ ಎಣಿಸುವುದಿಲ್ಲ. ಮುಳ್ಳು 30ರಲ್ಲಿ ನಿಲ್ಲುವಂತೆ ಡ್ರಿಲ್ ಹಿಡಿದು, ಓಡೋಮೀಟರಿನಲ್ಲಿ ಒಂದು ಮೈಲಿ ದಾಟಲು ಎಷ್ಟು ಸೆಕೆಂಡ್ ಬೇಕಾಯಿತು ನೋಡಿ. 120 ಆದರೆ ಮುಳ್ಳು ನಿಜ ಹೇಳುತ್ತಿದೆ. ಮುಳ್ಳನ್ನು 60ರಲ್ಲಿ ಹಿಡಿದಿದ್ದರೆ 60 ಸೆಕೆಂಡ್ ಆಗಬೇಕು. ಸಂಖ್ಯೆಯೂ ಬೇಡ, ಬೇರೆ ಸಾಧನವೂ ಬೇಡ.

ಹೀಗೆ ಓಡಿಸಿದ ಮೈಲಿಗಳನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮುಂದೆ ಯಾರಾದರೂ ಲೆಕ್ಕ ನೋಡಿದರೆ ಮೋಸ ಅನ್ನಿಸಬಾರದು.

ಆಮೇಲೆ ರಸ್ತೆಯಲ್ಲಿ ಓಡೋಮೀಟರನ್ನು ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿ. 8 ಕಿಲೋಮೀಟರಿಗೆ 4.97 ಮೈಲಿ. ಅಲ್ಲಿ ವ್ಯತ್ಯಾಸ ಬಂದರೆ ದೋಷ ಮೀಟರಿನದಲ್ಲ, ಟೈರಿನದು. ಮೂಲದ್ದಕ್ಕಿಂತ ಚಿಕ್ಕ ಸುತ್ತಳತೆಯ ಟೈರ್ ಹಾಕಿದ್ದರೆ ಚಕ್ರ ಹೆಚ್ಚು ಸುತ್ತುತ್ತದೆ, ಮೀಟರ್ ಹೆಚ್ಚು ತೋರಿಸುತ್ತದೆ.

ಪದ್ಮಿನಿ ಸವಾರ (ರಾಜಾಜಿನಗರ)

ನಾನು ಮೊದಲು ಹೇಳಿದ್ದು ತಪ್ಪಾಯಿತು, ಕ್ಷಮಿಸಿ. ಇದನ್ನೆಲ್ಲ ಓದಿದ ಮೇಲೆ ನನ್ನ ಕೇಬಲ್ ಬಿಚ್ಚಿ ನೋಡಿದೆ, ಮೀಟರಿನವರೆಗೂ ಗ್ರೀಸ್ ತುಂಬಿಸಿಬಿಟ್ಟಿದ್ದಾರೆ. ಈಗಲೇ ಒರೆಸಿದೆ.

ಹೆರಾಲ್ಡ್ 65 (ಬಸವನಗುಡಿ)

ಸೀಲ್ ಆಯಿತು. ಗ್ಯಾರೇಜ್ ಹುಡುಗ ಭಾನುವಾರ ತಾನೇ ಮನೆಗೆ ಬಂದು ಹಾಕಿಕೊಟ್ಟ. ದುಡ್ಡು ತಗೊಳ್ಳಲಿಲ್ಲ, ಅಮ್ಮ ಬಡಿಸಿದ ಬಿಸಿಬೇಳೆಬಾತ್ ತಿಂದು ಹೋದ. ಹಳೇ ಸೀಲ್ ಕೈಯಲ್ಲಿ ಹಿಡಿದರೆ ಪುಡಿಯಾಗುವಂತಿತ್ತು.

ಡ್ರಿಲ್ ಪರೀಕ್ಷೆಯಲ್ಲಿ ಮುಳ್ಳನ್ನು 30ರಲ್ಲಿ ಹಿಡಿದು ಮೂರು ಸಲ ಎಣಿಸಿದೆ: 121, 119, 121 ಸೆಕೆಂಡ್. ಡ್ರಿಲ್ ಹಿಡಿದ ನನ್ನ ಕೈಯ ಅದುರಾಟವೇ ಅಷ್ಟಿರಬಹುದು. ಮೂರು ಮೈಲಿಗೆ ಸ್ವಲ್ಪ ಹೆಚ್ಚಾಯಿತು, ಪುಸ್ತಕದಲ್ಲಿ ಬರೆದಿದ್ದೇನೆ.

ಇವತ್ತು ಬೆಳಿಗ್ಗೆ ಆರಕ್ಕೆ ಕನಕಪುರ ರಸ್ತೆಯಲ್ಲಿ ಊರು ದಾಟಿ ಹೋದೆ. ಪಕ್ಕದಲ್ಲಿ ಮಗಳು ಫೋನ್ ಹಿಡಿದು ಕೂತಿದ್ದಳು. 8 ಕಿಲೋಮೀಟರಿಗೆ ಓಡೋಮೀಟರ್ 5.1 ಮೈಲಿ ತೋರಿಸಿತು, ನೂರಕ್ಕೆ ಸುಮಾರು ಎರಡೂವರೆ ಹೆಚ್ಚು. ಮೈನರ್ ಅವರು ಹೇಳಿದ ಟೈರಿನ ಲೆಕ್ಕ, ಹೋದ ವರ್ಷ ರೇಡಿಯಲ್ ಹಾಕಿಸಿದ್ದೆ. ಮುಳ್ಳು 20ರಲ್ಲಿದ್ದಾಗ ಫೋನಿನಲ್ಲಿ 31 ಕಿಲೋಮೀಟರ್, 30ರಲ್ಲಿ 47, 40ರಲ್ಲಿ 63. ಎಲ್ಲ ಕಡೆಯೂ ಅದೇ ಎರಡೂವರೆ. ಕಡಿಮೆ ತೋರಿಸುವುದಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದೇ ಒಳ್ಳೆಯದೆಂದು ಹಾಗೇ ಬಿಟ್ಟಿದ್ದೇನೆ.

ಚಳಿಯಲ್ಲೂ ಒಂದೇ, ವಾಪಸ್ ಬರುವಾಗ ಬಿಸಿಲೇರಿದ ಮೇಲೂ ಒಂದೇ. ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರ ನಿಲ್ಲಿಸಿದಾಗ ಮುಳ್ಳು 25ರ ಮೇಲಿಂದ ಇಳಿದು, ಕಡ್ಡಿಗೆ ತಾಗಿ, ಸುಮ್ಮನೆ ನಿಂತಿತು. ಮಗಳು ಅದನ್ನು ನೋಡಿ ಗಾಜು ತಟ್ಟಲು ಎತ್ತಿದ್ದ ಕೈಯನ್ನು ಕೆಳಗಿಳಿಸಿದಳು.

ಜಾಲಹಳ್ಳಿ ವಾಚ್

ಬಹಳ ಸಂತೋಷವಾಯಿತು. ಗಾಜು ಬದಲಾಯಿಸುವ ಪ್ರಸಂಗ ಬಂದರೆ ನಿಜವಾದ ಗಾಜನ್ನೇ ಹಾಕಿಸಿ. ಪ್ಲಾಸ್ಟಿಕ್ ಹಾಕಿ ಒಣ ಬಟ್ಟೆಯಲ್ಲಿ ಉಜ್ಜಿದರೆ ಅದರಲ್ಲಿ ಸ್ಥಾಯೀ ವಿದ್ಯುತ್ ಹುಟ್ಟಿ ಹಗುರವಾದ ಮುಳ್ಳನ್ನು ಎಳೆದು ಹಿಡಿಯುತ್ತದೆ, ಮತ್ತೆ ಅಂಟಿತು ಎಂದು ಗಾಬರಿಯಾಗುತ್ತೀರಿ. ಒಂದು ದಿನ ಗಾಡಿಯನ್ನು ಜಾಲಹಳ್ಳಿಗೆ ತನ್ನಿ. ನೋಡಬೇಕು ಅನ್ನಿಸುತ್ತಿದೆ.

ಹೆರಾಲ್ಡ್ 65 (ಬಸವನಗುಡಿ)

ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ. ಬಾಗಿಲಲ್ಲಿ ನಿಂತಿರಿ, ಮೊದಲ ಸುತ್ತು ನಿಮ್ಮದು.